ಘಟದ ಸಸಿ ಹಸಿರಾದ ವರ್ಷ

ಮೊದಲೇ ಹೇಳಿಬಿಡುತ್ತೇನೆ, ನನ್ನದು ಒಳ್ಳೆಯ ಬಾಯಲ್ಲ. ರಾಯದುರ್ಗದ ಒಂದು ಖಾಸಗಿ ಜೂನಿಯರ್ ಕಾಲೇಜಿನಲ್ಲಿ ವರ್ಷಗಟ್ಟಲೆ ಸಸ್ಯಶಾಸ್ತ್ರ ಹೇಳಿಕೊಟ್ಟು, ಎದುರಿಗೆ ಕೂತವರೆಲ್ಲ ದಡ್ಡರು ಅನ್ನುವ ಕಾಯಿಲೆ ಅಂಟಿಕೊಂಡಿದೆ. ಇದಕ್ಕೆ ಮದ್ದು ಹುಡುಕುವ ಗೋಜಿಗೆ ನಾನು ಹೋಗಲಿಲ್ಲ. ಎದುರಿಗೆ ಕೂತವರು ನಿಜವಾಗಿಯೂ ದಡ್ಡರೇ ಆಗಿದ್ದರು.

ನಮ್ಮ ಕಾಲೇಜನ್ನೇ ತಗೊಳ್ಳಿ. ಇರುವುದು ಒಂದೇ ಮೈಕ್ರೋಸ್ಕೋಪು. ಅದು ಬೀರುವಿನಲ್ಲಿ, ಬೀರುವಿನ ಬೀಗದ ಕೈ ಕರೆಸ್ಪಾಂಡೆಂಟರ, ಅಂದರೆ ಕಾಲೇಜು ನಡೆಸುವ ಯಜಮಾನರ, ಜೇಬಿನಲ್ಲಿ. ತಪಾಸಣೆಗೆ ಬಂದವರು ಹೋಗುವ ತನಕ ಮೇಜಿನ ಮೇಲಿರುತ್ತದೆ, ಅವರ ಜೀಪು ತಿರುವಿನಲ್ಲಿ ಮರೆಯಾದ ಕೂಡಲೇ ಮತ್ತೆ ಒಳಗೆ. ಮಕ್ಕಳು ಮುಟ್ಟಿದರೆ ಕೆಡುತ್ತದಂತೆ. ದಸರಾ ರಜೆ ಅಂತ ಸರ್ಕಾರ ಹೇಳಿದರೆ ಇವರು ಮುಂದಿನ ಗೇಟಿಗೆ ಬೀಗ ಹಾಕಿ, ಹಿಂದಿನ ಬಾಗಿಲಿಂದ ಮಕ್ಕಳನ್ನು ಒಳಗೆ ಬಿಟ್ಟುಕೊಂಡು ಪಾಠ ಮಾಡಿಸುತ್ತಾರೆ. ಆ ಮಕ್ಕಳಾದರೂ ಏನು? ನಾನು ಯಾವುದೇ ವಿಷಯ ತೆಗೆದರೂ ಮುಂದಿನ ಬೆಂಚಿನಿಂದ ಒಂದೇ ಪ್ರಶ್ನೆ: "ಇದು ಬಿಟ್ಟಿನಾಗ ಬರ್ತೈತೇನ್ರಿ ಮೇಡಂ?" ಬಿಟ್ ಅಂದರೆ ಒಂದು ಮಾರ್ಕಿನ ಪ್ರಶ್ನೆ. ಬರಲ್ಲ ಅಂದರೆ ಪೆನ್ನು ಕೆಳಗಿಡುತ್ತಾರೆ.

ಮನೆಗೆ ಬಂದರೆ ಅದೇ ಇನ್ನೊಂದು ಕ್ಲಾಸು. ನಾನು ಹುಟ್ಟಿದ್ದು ಮಡಕಶಿರದ ಕಡೆ, ಹಿಪ್ಪುನೇರಳೆ ಬೆಳೆದು ರೇಷ್ಮೆಹುಳ ಸಾಕುವ ಮನೆಯಲ್ಲಿ. ಸೇರಿದ್ದು ರಾಯದುರ್ಗದ ವ್ಯಾಪಾರಸ್ಥರ ಮನೆ. ಪೇಟೆಯಲ್ಲಿ ಗೊಬ್ಬರ, ಬೀಜ, ಔಷಧಿಯ ಅಂಗಡಿ. ನನ್ನ ಗಂಡನೂ ಅವರ ತಮ್ಮನೂ ಕೂಡಿ ನಡೆಸುತ್ತಾರೆ. ಈ ಕಡೆಯ ಸುಣ್ಣದ ನೆಲದಲ್ಲಿ ಕಡಲೆಕಾಯಿ ಗಿಡ ಹಳದಿಗೆ ತಿರುಗುವುದು ಮಾಮೂಲು. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಎಲೆಯ ಹಸಿರನ್ನು ಕಟ್ಟುವ ಕಿಣ್ವಗಳಲ್ಲಿ ಒಂದಕ್ಕೆ ಕಬ್ಬಿಣ ಬೇಕೇ ಬೇಕು, ಸಿಗದಿದ್ದರೆ ಅದು ಕೈಕಟ್ಟಿ ಕೂರುತ್ತದೆ, ಹಸಿರು ಅರ್ಧದಲ್ಲೇ ನಿಲ್ಲುತ್ತದೆ. ನೀರಿಗೆ ಅನ್ನಭೇದಿ, ಅಂದರೆ ಅಗ್ಗದ ಕಬ್ಬಿಣದ ಉಪ್ಪು, ಕದಡಿ, ಚೂರು ನಿಂಬೆ ಉಪ್ಪು ಸೇರಿಸಿ ಸಿಂಪಡಿಸಿದರೆ ಸಾಕು. ಇದನ್ನು ಮೈದುನನಿಗೆ ನೂರು ಸಲ ಹೇಳಿದ್ದೇನೆ. ಅವನು ಹಲ್ಲು ಕಿರಿದು, "ಅನ್ನಭೇದಿ ಮಾರಿದ್ರ ಅಂಗಡಿ ನಡೀತೈತೇನ್ರಿ ಅತ್ತಿಗಿ?" ಅನ್ನುತ್ತಾನೆ. ಅಂದು, ಎಲೆಯ ಚಿತ್ರ ಇರುವ ಒಂದು ಟಾನಿಕ್ಕಿನ ಬಾಟಲಿಯನ್ನು ರೈತನ ಕೈಗೆ ಕೊಡುತ್ತಾನೆ.

ಹೀಗೆ ವರ್ಷವಿಡೀ ಹಸಿರು ಮಾರಿ ಉಣ್ಣುವ ಮನೆ ದಸರಾದ ಹತ್ತು ದಿನ ಮಾತ್ರ ಹಸಿರಿಗೆ ಹೆದರುತ್ತದೆ. ಪಾಡ್ಯದ ದಿನ ದೇವರ ಕೋಣೆಯಲ್ಲಿ ಘಟ ಕೂಡಿಸುತ್ತಾರೆ. ಮಣೆಯ ಮೇಲೆ ಬಾಳೆಎಲೆ ಹಾಸಿ, ಹೊಲದ ಮಣ್ಣು ಹರಡಿ, ಜೋಳ, ಗೋಧಿ, ನವಣೆ, ಹೆಸರು, ಕಡಲೆ ಬಿತ್ತಿ, ನಡುವೆ ನೀರಿನ ಗಡಿಗೆ ಇಟ್ಟು, ಪಕ್ಕದಲ್ಲಿ ಆರದಂತೆ ದೀಪ ಹಚ್ಚಿ, ಬಾಗಿಲು ಮುಚ್ಚುತ್ತಾರೆ. ಕೋಣೆಗೆ ಕಿಟಕಿಯಿಲ್ಲ. ಮಾಳಿಗೆಯಲ್ಲಿ ಗಾಜು ಕೂರಿಸಿದ ಒಂದು ಬೆಳಕಿಂಡಿ ಇದೆ, ಅದರ ಮೇಲೆ ಗೋಣಿತಾಟು ಹೊದಿಸಿ ಕಲ್ಲು ಹೇರುತ್ತಾರೆ. ದಿನಾ ಬೆಳಿಗ್ಗೆ ಹೊತ್ತು ಹುಟ್ಟುವ ಮೊದಲು ಮನೆಯ ಒಬ್ಬ ಹೆಂಗಸು ಒಳಗೆ ಹೋಗಿ ನೀರು ಚಿಮುಕಿಸಿ, ದೀಪಕ್ಕೆ ಎಣ್ಣೆ ಹಾಕಿ ಬರಬೇಕು. ಮಿಕ್ಕವರ ಪೂಜೆಯೆಲ್ಲ ಮುಚ್ಚಿದ ಬಾಗಿಲಿಗೆ. ಹತ್ತನೇ ದಿನಕ್ಕೆ ಗೇಣುದ್ದದ ಸಸಿ, ಅಪ್ಪಟ ಹಳದಿ. ಅದನ್ನು ಕಿತ್ತು ಗಂಡಸರು ರುಮಾಲಿಗೆ, ಹೆಂಗಸರು ತುರುಬಿಗೆ ಸಿಕ್ಕಿಸಿಕೊಂಡು, ಬನ್ನಿ ಎಲೆಯ ಜೊತೆ ಓಣಿಗೆಲ್ಲ ಹಂಚುತ್ತಾರೆ. ಹಳದಿ ಬಂದರೆ ಮನೆ ಶುದ್ಧ. ಹಸಿರಾಗಿದ್ದರೆ ಯಾರೋ ಮೈಲಿಗೆ ಮಾಡಿದ್ದಾರೆ. ಹಸಿರು ಬನ್ನಿ ಎಲೆಯನ್ನು ಕೈಗಿಟ್ಟು ಬಂಗಾರ ಅನ್ನುವ ಇದೇ ಜನಕ್ಕೆ ಹಸಿರು ಸಸಿ ಅಂದರೆ ದರಿದ್ರ. ಯಾಕೆ ಅಂತ ಕೇಳಿ ನೋಡಿ, "ಹಿಂದಿಂದ ನಡಕೊಂತ ಬಂದೈತ್ರಿ" ಅನ್ನುತ್ತಾರೆ. ಕತ್ತೆಯೂ ಹಿಂದಿನಿಂದ ನಡೆದುಕೊಂಡೇ ಬಂದಿದೆ.

ನಾನು ಹೇಳಹೊರಟ ದಸರಾದ ಹಿಂದಿನ ವರ್ಷ ಮೈದುನನಿಗೆ ಮದುವೆಯಾಗಿತ್ತು. ಹೆಣ್ಣು ತಂದವಳು ನಾನೇ. ಅಗಳಿ ಹತ್ತಿರದ ಒಂದು ಹಳ್ಳಿ, ನನ್ನ ತವರಿಗೆ ದೂರದ ನೆಂಟರು. ಮದುವೆಯ ದಿನ ಹುಡುಗಿಯ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು, "ಅವ್ರೆಲ್ಲ ಎಂಥೋರೋ ನಮಗೆ ಗೊತ್ತಿಲ್ಲ ಕಣಮ್ಮ. ನೀನಿದೀಯ ಅಂತ ಕೊಟ್ಟಿದೀವಿ" ಅಂದಿದ್ದರು. ನಾನೂ ದೊಡ್ಡ ಮನುಷ್ಯಳ ಹಾಗೆ ತಲೆಯಾಡಿಸಿದ್ದೆ. ಹುಡುಗಿಗೆ ಮಾತು ಕಡಿಮೆ, ಕೈ ಚುರುಕು. ಸುಳ್ಳು ಹೇಳಲು ಬರುತ್ತಿರಲಿಲ್ಲ. ರಾಯದುರ್ಗದ ಮನೆಯಲ್ಲಿ ಬಾಳಬೇಕೆಂದರೆ ಅದು ಕಲಿತಿರಬೇಕಿತ್ತು.

ನಮ್ಮ ಅತ್ತೆಗೆ ಅವಳು ಮೊದಲಿಂದಲೂ ಸೇರಲಿಲ್ಲ. "ಒಂದ ಕಡಿಂದ ಎರಡು ಹೆಣ್ಣು ತಂದ್ರ ಮನಿ ಆ ಕಡಿಗೇ ವಾಲ್ತೈತಿ" ಅಂತ ಬಂದವರಿಗೆಲ್ಲ ಹೇಳುತ್ತಿದ್ದರು. ಅವಳು ಸಾರಿಗೆ ಹುಳಿ ಹಾಕಿದರೆ ಹೆಚ್ಚಾಯಿತು, ಹಾಕದಿದ್ದರೆ ಮಡಕಶಿರದ ಸಪ್ಪೆ. ಒಂದು ನೆವ ಸಿಕ್ಕರೆ ಸಾಕು, ಗಂಟುಮೂಟೆ ಕಟ್ಟಿಸಿ ತವರಿಗೆ ಅಟ್ಟಲು ಕಾಯುತ್ತಿದ್ದಾರೆ ಅನ್ನುವುದು ನನಗೆ ಗೊತ್ತಿತ್ತು. ಹುಡುಗಿಗೂ ಗೊತ್ತಿತ್ತು. ಅದಕ್ಕೇ ಅವಳು ಮನೆಯ ಒಂದೊಂದು ಕಟ್ಟಳೆಯನ್ನೂ ಕಣ್ಣಲ್ಲಿ ಕಣ್ಣಿಟ್ಟು ಪಾಲಿಸುತ್ತಿದ್ದಳು.

ಆ ದಸರಾದ ಆರನೇ ದಿನ ಅವಳು ಮುಟ್ಟಾದಳು. ಈ ಮನೆಯಲ್ಲಿ ಮುಟ್ಟಾದವರು ಹಿತ್ತಲ ಕೋಣೆಯಲ್ಲಿ ಕೂರಬೇಕು. ಅಂಗಡಿಯಲ್ಲಿ ಕಂಪ್ಯೂಟರಿನ ಬಿಲ್ಲು, ಮನೆಯಲ್ಲಿ ಹಿತ್ತಲ ಕೋಣೆ. ನನಗೆ ಮುಟ್ಟು ನಿಂತು ಎರಡು ವರ್ಷವಾಗಿತ್ತು. ಅತ್ತೆಗೆ ಕಣ್ಣಲ್ಲಿ ಪೊರೆ, ಮಂಡಿಯಲ್ಲಿ ನೋವು. ಹೀಗಾಗಿ ಘಟಕ್ಕೆ ನೀರು ಚಿಮುಕಿಸುವ ಪುಣ್ಯ, ಅದನ್ನು ಚೂರೂ ನಂಬದ ನನ್ನ ಕೊರಳಿಗೆ ಬಿತ್ತು.

ಏಳನೇ ದಿನ ನನಗೊಂದು ಯೋಚನೆ ಬಂತು. ಕತ್ತಲಲ್ಲಿ ಬೆಳೆದ ಸಸಿಯ ಚಿತ್ರ ನಮ್ಮ ಪುಸ್ತಕದಲ್ಲಿ ಮಸಿ ಚೆಲ್ಲಿದಂತೆ ಅಚ್ಚಾಗಿದೆ. ಮನೆಯಲ್ಲೇ ಇಂಥ ಸಸಿ ಇರುವಾಗ ಒಂದು ಫೋಟೋ ತೆಗೆದು ಆ ಬಿಟ್ಟಿನ ಮಕ್ಕಳಿಗೆ ತೋರಿಸೋಣ ಅನ್ನಿಸಿತು. ಸ್ನಾನ ಮುಗಿಸಿ ಕಾಲೇಜಿಗೆ ಹೊರಡುವ ಮುಂಚೆ ಮೆಲ್ಲಗೆ ಒಳಗೆ ಹೋದೆ. ದೀಪದ ಬೆಳಕಿಗೆ ಫೋನಿನಲ್ಲಿ ಎಲ್ಲ ಕೆಂಪಾಗಿ ಬಂತು. ಫ್ಲಾಶ್ ಹಾಕಿದರೆ ಸುಣ್ಣ ಬಳಿದಂತೆ ಬೆಳ್ಳಗೆ. ಸರಿ ಅಂತ ಹಿತ್ತಲ ಏಣಿಯಿಂದ ಮಾಳಿಗೆ ಹತ್ತಿ, ಕಲ್ಲು ಸರಿಸಿ, ಗೋಣಿತಾಟು ಎಳೆದು ಪಕ್ಕಕ್ಕೆ ಹಾಕಿ ಇಳಿದು ಬಂದೆ. ಒಂದು ಚೌಕ ಬಿಸಿಲು ಸಸಿಗಳ ಮೇಲೆ ಬಿದ್ದಿತ್ತು. ಅಂಥ ಹಳದಿಯನ್ನು ನಾನು ನೋಡಿರಲಿಲ್ಲ, ನಿಜವಾಗಿ ಖುಷಿಯಾಯಿತು. ಕೂತು ಹತ್ತಾರು ಫೋಟೋ ತೆಗೆದೆ. ಅಷ್ಟರಲ್ಲಿ ಬೀದಿಯಲ್ಲಿ ಆಟೋದವನು ಹಾರ್ನು ಹೊಡೆಯಲು ಶುರು ಮಾಡಿದ. ಬಾಗಿಲು ಎಳೆದುಕೊಂಡು ಓಡಿದೆ. ಮಾಳಿಗೆಯ ತಾಟು ಹಾಗೇ ಉಳಿಯಿತು.

ಅವತ್ತು ಕಾಲೇಜಿನಲ್ಲಿ ವಾರದ ಟೆಸ್ಟು, ಪಾಠ ಇರಲಿಲ್ಲ. ಮಾರನೇ ದಿನ ಬೆಳಿಗ್ಗೆ ಕತ್ತಲಲ್ಲೇ ನೀರು ಚಿಮುಕಿಸಿದ್ದರಿಂದ ತಲೆಯ ಮೇಲಿನ ಕಿಂಡಿ ತೆರೆದಿರುವುದು ನನ್ನ ಗಮನಕ್ಕೆ ಬರಲಿಲ್ಲ. ಕಾಲೇಜಿಗೆ ಹೋಗಿ ಪಾಠ ಶುರು ಮಾಡಿದೆ. ಎಲೆಯ ಹಸಿರು ಒಂದೇ ಏಟಿಗೆ ಆಗುವ ಕೆಲಸವಲ್ಲ, ಹತ್ತು ಹದಿನೈದು ಹೆಜ್ಜೆ, ಹೆಜ್ಜೆಗೊಂದು ಕಿಣ್ವ ಅಂದೆ. ಸಣ್ಣದೊಂದು ಅಮೈನೋ ಆಮ್ಲದಿಂದ ಶುರುವಾಗಿ, ಎಂಟು ತುಣುಕು ಕೂಡಿ ಒಂದು ಉಂಗುರವಾಗುತ್ತದೆ. ಅಲ್ಲಿಂದ ದಾರಿ ಎರಡು. ಒಂದು ಕಿಣ್ವ ಆ ಉಂಗುರದ ನಡುವೆ ಕಬ್ಬಿಣ ಕೂರಿಸಿದರೆ ಹೀಮ್ ಆಗುತ್ತದೆ, ನಮ್ಮ ರಕ್ತದ ಕೆಂಪು ಅದೇ. ಇನ್ನೊಂದು ಕಿಣ್ವ ಮೆಗ್ನೀಸಿಯಂ ಕೂರಿಸಿದರೆ ಹಸಿರಿನ ದಾರಿ. ಆ ದಾರಿಯ ಕೊನೆಯ ಹತ್ತಿರ ಒಂದು ಕಿಣ್ವ ಇದೆ, ಪ್ರೋಟೋಕ್ಲೋರೊಫಿಲೈಡ್ ಆಕ್ಸಿಡೋರಿಡಕ್ಟೇಸ್ ಅಂತ. ಜೋಳ, ಗೋಧಿಯಂಥ ಹೂ ಬಿಡುವ ಗಿಡಗಳಲ್ಲಿ ಅದು ಬೆಳಕಿಲ್ಲದೆ ಕೆಲಸ ಮಾಡುವುದಿಲ್ಲ. ಸರಕು ಹಿಡಿದುಕೊಂಡು ಕತ್ತಲಲ್ಲಿ ಕಾಯುತ್ತಿರುತ್ತದೆ, ಬೆಳಕು ಬಿದ್ದರೆ ಕಣ್ಣು ಮಿಟುಕಿಸುವುದರೊಳಗೆ ತನ್ನ ಕೆಲಸ ಮುಗಿಸುತ್ತದೆ. ಆಮೇಲೆ ಕೆಲವು ಗಂಟೆಗಳಲ್ಲಿ ಎಲೆ ಹಸಿರಾಗುತ್ತದೆ. ಮನೆಮನೆಯಲ್ಲಿ ಘಟದ ಸಸಿ ಹಳದಿ ಬರುವುದು ಮಡಿಯಿಂದಲ್ಲ, ಕಿಣ್ವಕ್ಕೆ ಬೆಳಕು ಸಿಗದೆ ಅಂತಲೂ ಹೇಳಿದೆ.

ನನಗೆ ಉತ್ಸಾಹ ಬಂದುಬಿಟ್ಟಿತ್ತು. ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾಗಳನ್ನು ನೋಡಿ, ಅವುಗಳ ಹತ್ತಿರ ಅದೇ ಕೆಲಸಕ್ಕೆ ಇನ್ನೊಂದು ಕಿಣ್ವ ಇದೆ, ಅದು ಕಗ್ಗತ್ತಲಲ್ಲೂ ದುಡಿಯುತ್ತದೆ, ಆಮ್ಲಜನಕ ತಗುಲಿದರೆ ಮಾತ್ರ ಕೆಡುತ್ತದೆ ಅಂದೆ. ಪಾಚಿಗಳೂ ಪೈನ್ ಮರಗಳೂ ಆ ಹಳೆಯ ವಿದ್ಯೆ ಬಿಟ್ಟಿಲ್ಲ, ಹೂ ಬಿಡುವ ಗಿಡಗಳು ಮಾತ್ರ ಎಲ್ಲೋ ಕಳೆದುಕೊಂಡು ಕೂತಿವೆ ಅಂದೆ. ಮುಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. "ಬ್ಯಾಕ್ಟೀರಿಯಾದ್ದು ಸಿಲಬಸ್ಸಿನಾಗ ಇಲ್ರಿ ಮೇಡಂ." ಸಿಲಬಸ್ಸಿನಲ್ಲಿ ಇಲ್ಲದ್ದಕ್ಕೆ ಅವು ಬದುಕುವುದು ನಿಲ್ಲಿಸಬೇಕಿತ್ತೇನೋ. ಹಾಳಾಗಿ ಹೋಗಲಿ ಅಂತ ಫೋನು ತೆಗೆದು ಫೋಟೋ ತೋರಿಸುತ್ತಾ ಬೆಂಚಿನ ನಡುವೆ ನಡೆದೆ. ಮೂರನೇ ಬೆಂಚಿಗೆ ಬರುವಷ್ಟರಲ್ಲಿ ನನ್ನ ಕಣ್ಣೇ ಫೋಟೋದ ಮೇಲೆ ನಿಂತಿತು. ಆ ಚೌಕ ಬಿಸಿಲು. ತಾಟು ಮುಚ್ಚಿರಲಿಲ್ಲ.

ಸಂಜೆ ಬಂದವಳೇ ಯಾರೂ ನೋಡದಂತೆ ಮಾಳಿಗೆ ಹತ್ತಿ ತಾಟು ಎಳೆದು ಕಲ್ಲು ಹೇರಿದೆ. ಅಷ್ಟರಲ್ಲಿ ಎರಡು ದಿನದ ಬಿಸಿಲು ಒಳಗೆ ಬಿದ್ದಾಗಿತ್ತು. ಒಂಬತ್ತನೇ ದಿನ ಬೆಳಿಗ್ಗೆ ದೀಪ ಹತ್ತಿರ ಹಿಡಿದು ನೋಡಿದೆ. ಕಿಣ್ವ ಪಾಠದಲ್ಲಿ ಹೇಳಿದ ಹಾಗೇ ನಡೆದುಕೊಂಡಿತ್ತು. ಪರವಾಗಿಲ್ಲ, ಈ ಕುರುಡರಿಗೆ ಯಾರಿಗೆ ಕಾಣುತ್ತದೆ ಅಂದುಕೊಂಡು ಎಣ್ಣೆ ಹಾಕಿ ಹೊರಗೆ ಬಂದೆ.

ಹತ್ತನೇ ದಿನ ಪಡಸಾಲೆ ತುಂಬ ಜನ. ದೊಡ್ಡಮಾವ ಬಂದಿದ್ದರು, ಅಂದರೆ ನನ್ನ ಗಂಡನ ದೊಡ್ಡಪ್ಪ. ಓಣಿಗೆ ತಾವೇ ಹಿರಿಯರು ಅಂತ ಅವರೇ ತೀರ್ಮಾನ ಮಾಡಿಕೊಂಡು ಬಹಳ ವರ್ಷವಾಗಿದೆ. ಹೊಸ ರುಮಾಲು ಸುತ್ತಿ, ಕಾಲ ಮೇಲೆ ಕಾಲು ಹಾಕಿ, "ತರ್ರಿ ಬಂಗಾರಾನ" ಅಂದರು. ಗಂಡ ಮತ್ತು ಮೈದುನ ಮಣೆಯ ಸಮೇತ ಘಟ ಎತ್ತಿ ತಂದು ನಡುವೆ ಇಟ್ಟರು. ಹಗಲು ಬೆಳಕಿನಲ್ಲಿ ಅತ್ತೆಯ ಪೊರೆಗಣ್ಣಿಗೂ ಕಂಡಿತು. ಗದ್ದೆಯ ಪೈರಿನ ಹಸಿರು. ಸಸಿ ಕೀಳಲು ಬಗ್ಗಿದ್ದ ಮೈದುನ ಹಾಗೇ ನಿಂತ.

"ಬೆಳಕಿಂಡಿ ತಾಟು ಯಾರು ತಗದ್ರಿ?" ಅತ್ತೆ ಮೆಲ್ಲಗೆ ಕೇಳಿದರು. ಅವರು ಮೆಲ್ಲಗೆ ಮಾತಾಡಿದರೆ ಹೆದರಬೇಕು.

ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಮಾತಾಡಿಬಿಟ್ಟಳು ಅಂತ ಬರೆಯಲು ಹೊರಟಿದ್ದೆ. ಸುಳ್ಳು. ನಾನು ಬಾಯಿ ತೆರೆಯಲು ಹೊರಟಿರಲೇ ಇಲ್ಲ. ಹಿಂದಿನ ದಿನ ತಲೆಗೆ ನೀರು ಹಾಕಿಕೊಂಡು ಶುದ್ಧವಾಗಿದ್ದ ಹುಡುಗಿ ಬಾಗಿಲ ಹತ್ತಿರ ನಿಂತಿದ್ದಳು. ಅವಳೇ ಹೇಳಿದಳು: "ಎಂಟನೇ ದಿನ ಬಟ್ಟೆ ಒಣಗಾಕಕ್ಕೆ ಮಾಳಿಗೆಗೆ ಹೋಗಿದ್ದೆ ಅತ್ತೆ. ತಾಟು ಪಕ್ಕದಾಗೆ ಬಿದ್ದಿತ್ತು. ನಾನು ಹೊರಗಿದ್ನಲ್ಲ, ಅದಕ್ಕೆ ಮುಟ್ಲಿಲ್ಲ."

"ಹೊರಗಾದಾಕಿ ದೇವರ ತಲಿ ಮ್ಯಾಲ ಅಡ್ಡಾಡಿದೇನು?" ಅಂದರು ಅತ್ತೆ.

ಹುಡುಗಿಗೆ ಆಗ ಹೊಳೆಯಿತು, ತಾನು ಎಲ್ಲಿ ಕಾಲಿಟ್ಟೆ ಅಂತ. ಹಿತ್ತಲಲ್ಲಿ ಹಗ್ಗ ಇಲ್ಲ, ಬಟ್ಟೆ ಒಣಗುವುದು ಮಾಳಿಗೆಯಲ್ಲೇ. ಆದರೆ ದೇವರ ಕೋಣೆಯ ನೆತ್ತಿಯ ಮೇಲೂ ಅದೇ ಮಾಳಿಗೆ. ಅವಳು ಗಂಡನ ಕಡೆ ನೋಡಿದಳು. ನನ್ನ ಮೈದುನ ತನ್ನ ಕಾಲಿನ ಹೆಬ್ಬೆರಳನ್ನು ಇದೇ ಮೊದಲ ಸಲ ಕಂಡವನ ಹಾಗೆ ನೋಡುತ್ತಿದ್ದ. ಅಂಗಡಿಯಲ್ಲಿ ರೈತರ ಮೇಲೆ ಗುಡುಗುವ ಗಂಡಸು. ಆಮೇಲೆ ಅವಳು ನನ್ನ ಕಡೆ ತಿರುಗಿದಳು.

ನಾನು ಮಾತಾಡಿದೆ. "ತಾಟು ತೆಗೆದವಳು ನಾನು" ಅಂದಿದ್ದರೆ ಮುಗಿಯುತ್ತಿತ್ತು. ಅಷ್ಟು ಮಾತು ಬಿಟ್ಟು ಮಿಕ್ಕಿದ್ದನ್ನೆಲ್ಲ ಆಡಿದೆ. ಮೈಲಿಗೆಯಿಂದ ಗಿಡ ಹಸಿರಾಗಲ್ಲ, ಸ್ವಲ್ಪ ಬುದ್ಧಿ ಉಪಯೋಗಿಸಿ ಅಂದೆ. ಎಲೆಯೊಳಗೆ ಒಂದು ಕಿಣ್ವ ಇರುತ್ತದೆ, ಬೆಳಕಿಗೆ ಕಾಯುತ್ತಿರುತ್ತದೆ ಅಂದೆ. ಆ ಉದ್ದನೆಯ ಹೆಸರನ್ನೂ ಪೂರ್ತಿ ಹೇಳಿದೆ, ಹೇಳಿ ಅವರ ಪೆಚ್ಚು ಮುಖ ನೋಡಿ ಸಂತೋಷವಾಯಿತು. ಮಾತು ಅಲ್ಲಿಗೆ ನಿಲ್ಲಿಸಬೇಕಿತ್ತು. ಬಾಯಿ ನಿಲ್ಲಲಿಲ್ಲ. "ನೀವು ಮೈಲಿಗೆ ಅಂತೀರಲ್ಲ ಆ ರಕ್ತ, ಅದರ ಕೆಂಪೂ ಈ ಎಲೆಯ ಹಸಿರೂ ಒಂದೇ ಮೂಲದ್ದು. ಒಂದೇ ಉಂಗುರ. ಕಬ್ಬಿಣ ಕೂತರೆ ರಕ್ತ, ಮೆಗ್ನೀಸಿಯಂ ಕೂತರೆ ಹಸಿರು. ಗೊತ್ತಿಲ್ಲದಿದ್ದರೆ ಕೇಳಿ ತಿಳಿದುಕೊಳ್ಳಿ" ಅಂದೆ. ಗೆದ್ದೆ ಅಂದುಕೊಂಡೆ.

ದೊಡ್ಡಮಾವ ನಿಧಾನಕ್ಕೆ ತಲೆದೂಗಿದರು. "ಕೇಳಿದ್ರೇನ್ರಿ ಎಲ್ಲಾರೂ? ಆ ರಕ್ತಕ್ಕೂ ಈ ಹಸಿರಿಗೂ ಸಂಬಂಧ ಐತಂತ. ಕಾಲೇಜ್ ಮೇಡಮ್ಮೋರ ಹೇಳಾಕತ್ಯಾರ. ಹೊರಗಾದಾಕಿ ಮ್ಯಾಲ ಓಡ್ಯಾಡಿದ್ರ ಕೆಳಗ ಹಸರಾಗದ ಇನ್ನೇನಾಗ್ತೈತಿ? ನಮ್ಮ ಹಿರ್ಯಾರು ಸುಮ್ನ ಮಾಡಿಲ್ರಿ ಇದನ್ನ." ಸುತ್ತಲೂ ಹೌದ್ರಿ ಹೌದ್ರಿ. ಒಬ್ಬರು "ಸೈನ್ಸಿನಾಗ ಎಲ್ಲಾ ಐತ್ರಿ" ಅಂದರು. ಅಲ್ಲಿಯವರೆಗೆ ಅನುಮಾನ ಮಾತ್ರ ಇತ್ತು, ಅದಕ್ಕೆ ಪುರಾವೆ ಒದಗಿಸಿದವಳು ನಾನಾದೆ. ಅಲ್ಲ, ಹಾಗಲ್ಲ, ನಾನು ಹೇಳಿದ್ದು ಅದಲ್ಲ ಅಂತ ತೊದಲಿದೆ. ಯಾರು ಕೇಳುತ್ತಾರೆ?

ತೀರ್ಪಾಯಿತು. ಹುಡುಗಿ ಮುಂದಿನ ದಸರಾ ತನಕ ತವರಿನಲ್ಲಿರಲಿ. ಆಗ ಘಟ ಹಳದಿ ಬಂದರೆ ಕರೆಸೋಣ. ಮೈದುನ ಹೂಂ ಅಂದ. ನನ್ನ ಗಂಡ ಹಸಿರು ಸಸಿಯನ್ನು ಬಾವಿಗೆ ಹಾಕಲು ಬುಟ್ಟಿ ಹುಡುಕಲು ಹೋದರು. ಹುಡುಗಿ ಅಳಲಿಲ್ಲ. ಇನ್ನೂ ನನ್ನನ್ನೇ ನೋಡುತ್ತಿದ್ದಳು. ನಾನು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದೆ.

ಒಳಗೆ ಹೋಗಿ ಏನು ಮಾಡಿದೆ ಅನ್ನುವುದನ್ನೂ ಹೇಳುತ್ತೇನೆ. ಬಚ್ಚಲ ಚಿಲಕ ಹಾಕಿಕೊಂಡು ಫೋನು ತೆಗೆದು ಆ ಫೋಟೋಗಳನ್ನೆಲ್ಲ ಅಳಿಸಿದೆ. ಅಳಿಸಿದ್ದು ಕಸದ ಬುಟ್ಟಿಯಲ್ಲಿ ಒಂದು ತಿಂಗಳು ಉಳಿದಿರುತ್ತದೆ ಅಂತ ನೆನಪಾಗಿ, ಅಲ್ಲಿಂದಲೂ ಅಳಿಸಿದೆ. ದಿನಾಂಕ, ಗಂಟೆ, ಚೌಕ ಬಿಸಿಲು, ಎಲ್ಲ ಹೋಯಿತು. ಇಷ್ಟು ಅಚ್ಚುಕಟ್ಟಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ. ಯಾಕೆ ಮಾಡಿದೆ ಅಂತ ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಈ ಜನ ದಡ್ಡರು, ಇವರ ಮಾತಿಗೆ ಕವಡೆ ಕಿಮ್ಮತ್ತಿಲ್ಲ ಅಂತ ಇಪ್ಪತ್ತೈದು ವರ್ಷ ಅಂದುಕೊಂಡೇ ಬದುಕಿದ್ದೆ. ಅದೇ ದಡ್ಡರ ಮುಂದೆ ತಪ್ಪು ಮಾಡಿದವಳಾಗಿ ನಿಲ್ಲಬೇಕು ಅಂದಾಗ ಓಡಿ ಬಚ್ಚಲು ಸೇರಿದೆ. ಅವರನ್ನು ತಿರಸ್ಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಅವರಿಗೆ ಹೆದರುತ್ತಿದ್ದೆ.

ಮಾರನೇ ದಿನ ಅವಳ ಅಪ್ಪ ಬಂದರು. ಯಾರನ್ನೂ ಏನೂ ಕೇಳಲಿಲ್ಲ. ಎಲ್ಲರಿಗೂ ಕೈಮುಗಿದರು, ನನಗೂ ಮುಗಿದರು. ಅಪ್ಪ ಮಗಳು ಒಂದು ಟ್ರಂಕು, ಒಂದು ಕೈಚೀಲ ಹಿಡಿದು ಕಲ್ಯಾಣದುರ್ಗದ ಬಸ್ಸು ಹತ್ತಿದರು.

ಒಂದು ವರ್ಷ ತಾನೇ, ಮುಂದಿನ ಸಲ ನಾನೇ ಕಾವಲಿದ್ದು ಹಳದಿ ಸಸಿ ಬೆಳೆಸಿ ಅವಳನ್ನು ಕರೆಸುತ್ತೇನೆ ಅಂತ ಸಮಾಧಾನ ಮಾಡಿಕೊಂಡಿದ್ದೆ. ದೀಪಾವಳಿ ಕಳೆದ ಮೇಲೆ ಒಂದು ದಿನ ಅತ್ತೆ ಅಡಿಗೆಮನೆಯಲ್ಲಿ ಅವರೆಕಾಳು ಸುಲಿಯುತ್ತಾ, "ಡಿ. ಹಿರೇಹಾಳ್ ಕಡೆ ಒಂದು ಹೆಣ್ಣೈತಂತ. ಈ ಸಲ ನಮ್ಮ ಕಡೀದ ನೋಡ್ಬೇಕು" ಅಂದರು. ಒಂದು ವರ್ಷ ಅನ್ನುವುದು ಬರೀ ಮಾತು ಅಂತ ಆಗ ಗೊತ್ತಾಯಿತು. ನಾನು ಅಲ್ಲೇ ಹೇಳಿದೆ. "ಅತ್ತೆ, ತಾಟು ತೆಗೆದವಳು ನಾನು. ಫೋಟೋ ತೆಗೆಯಲು ತೆಗೆದು, ಮುಚ್ಚುವುದು ಮರೆತೆ. ಅವಳದೇನೂ ತಪ್ಪಿಲ್ಲ."

ಅತ್ತೆ ಕಾಳು ಸುಲಿಯುವುದು ನಿಲ್ಲಿಸಲಿಲ್ಲ. "ನಿಮ್ಮ ಕಡೀ ಹುಡುಗಿ ಅಂತ ಮೈಮ್ಯಾಲೆ ಹಾಕ್ಕೊಳ್ಳಾಕತ್ತೀ. ನಿನ್ನ ಮನಸು ದೊಡ್ಡದೈತಿ ಬಿಡು" ಅಂದರು. ಮದುವೆಯಾಗಿ ಬಂದಮೇಲೆ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಗಂಡನಿಗೆ ಹೇಳಿದೆ. "ನೀ ತಗದಿದ್ರ ಅವತ್ತ ಹೇಳ್ತಿದ್ದಿಲ್ಲೇನು? ನಿನ್ನ ಬಾಯಿ ಸುಮ್ನಿರೋ ಬಾಯೇನು?" ಅಂದರು. ಫೋಟೋ ಇದೆ ಅನ್ನಲು ಹೋಗಿ ನಾಲಿಗೆ ಕಚ್ಚಿಕೊಂಡೆ. ಮೈದುನ ಮಾತ್ರ ನನ್ನನ್ನು ಒಂದು ಗಳಿಗೆ ನೆಟ್ಟಗೆ ನೋಡಿದ. ಅವನು ನಂಬಿದ ಅಂತ ನನಗೆ ಈಗಲೂ ಅನ್ನಿಸುತ್ತದೆ. ನಂಬಿ, ಅಂಗಡಿಯ ಬಾಗಿಲು ತೆಗೆಯಲು ಹೋದ.

ಭಾನುವಾರ ನಾನು ಒಬ್ಬಳೇ ಹೊರಟೆ. ಕಲ್ಯಾಣದುರ್ಗಕ್ಕೊಂದು ಬಸ್ಸು, ಮಡಕಶಿರಕ್ಕೊಂದು, ಅಗಳಿಗೊಂದು, ಅಲ್ಲಿಂದ ಆಟೋ. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ತಯಾರಿ ಮಾಡಿಕೊಂಡೆ. ಅಲ್ಲೂ ಒಂದು ಪಾಠವೇ ತಯಾರಾಯಿತು. ಅವಳ ಅವ್ವ ಬಾಗಿಲಲ್ಲಿ ನನ್ನನ್ನು ಕಂಡು, "ಬಾರಮ್ಮ, ಬಿಸಿಲಾಗೆ ಬಂದ್ಯಲ್ಲ" ಅಂತ ಕಾಲಿಗೆ ನೀರು ಕೊಟ್ಟರು. ಹುಡುಗಿ ಹುಳದ ಮನೆಯಲ್ಲಿದ್ದಳು. ಹಿಪ್ಪುನೇರಳೆ ಸೊಪ್ಪು ತಂದು ತಟ್ಟೆಗಳ ಮೇಲೆ ಹರಡುತ್ತಿದ್ದಳು. ಹುಳ ಮೇಯುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

"ತಾಟು ತೆಗೆದಿದ್ದು ನಾನು ಕಣೆ" ಅಂದೆ. ತಯಾರಿ ಮಾಡಿದ್ದೆಲ್ಲ ಮರೆತುಹೋಗಿತ್ತು.

"ಗೊತ್ತೈತೆ ಅಕ್ಕ. ಏಳನೇ ದಿನ ನೀವು ಫೋನ್ ಹಿಡ್ಕೊಂಡು ಏಣಿ ಇಳಿದಿದ್ದು ಹಿತ್ತಲಿಂದ ನೋಡಿದ್ದೆ."

"ಮತ್ತೆ ಅವತ್ತು ಎಲ್ಲರ ಮುಂದೆ ಯಾಕೆ ಹೇಳಲಿಲ್ಲ?"

"ನೀವೇ ಹೇಳ್ತೀರ ಅನ್ಕೊಂಡೆ."

ಮನೆಯಲ್ಲಿ ಎಲ್ಲರಿಗೂ ಹೇಳಿದೆ, ಯಾರೂ ನಂಬುತ್ತಿಲ್ಲ, ನೀನೇ ಬಂದು ನೋಡಿದ್ದನ್ನು ಹೇಳಿದರೆ ನಂಬುತ್ತಾರೆ, ಹೊರಡು ನನ್ನ ಜೊತೆ ಅಂದೆ. ಕೈ ಹಿಡಿಯಲು ಹೋದೆ. ಅವಳು ಕೈಯಲ್ಲಿದ್ದ ಸೊಪ್ಪು ಕೆಳಗಿಡಲಿಲ್ಲ.

"ನಾನು ಬರಾಕಿಲ್ಲಕ್ಕ. ದಸರಾ ಬಂದ್ರೂ ಬರಾಕಿಲ್ಲ, ಘಟ ಹಳದಿ ಬಂದ್ರೂ ಬರಾಕಿಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಅತ್ತೆ ಮೇಲೆ ನಂಗೆ ಬೇಜಾರಿಲ್ಲ. ಅವ್ರು ಅದನ್ನ ನಂಬ್ತಾರೆ, ನಂಬಿ ನನ್ನ ಕಳಿಸಿದ್ರು. ನೀವು ನಂಬಾಕಿಲ್ವಲ್ಲಕ್ಕ. ನಂಬ್ದೆ ಇದ್ರೂ ಕಳಿಸಿದ್ರಿ."

ಹೇಳಿ ಮುಂದಿನ ತಟ್ಟೆಗೆ ಹೋದಳು. ಅವಳ ಅವ್ವ ಒಳಗಿನಿಂದ ಊಟಕ್ಕೆ ಕರೆದರು. ನಾನು ಹೋಗಿ ಕೂತೆ. ಅವರು ಮುದ್ದೆ ಇಕ್ಕಿ, ಹುರುಳಿಕಾಳಿನ ಸಾರು ಬಿಟ್ಟು, ನಾಚಿಕೊಳ್ಳದೆ ಉಣ್ಣು ಅಂದರು. ಉಂಡೆ.